ಕೌದಿಯ ಹೊಲಿಗೆ, ಗಣಕದ ತೇಪೆ

ಆಳಂದ ತಾಲ್ಲೂಕಿನ ಖಜೂರಿ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸಾಲುಸಾಲಾಗಿ ಕೈಹೊಲಿಗೆ ಹಾಕಿ ಮಾಡಿದ ಹೊದಿಕೆಗೆ ಈ ಸೀಮೆಯ ಕನ್ನಡದವರು ಕೌದಿ ಎನ್ನುತ್ತಾರೆ. ಗಡಿ ದಾಟಿದರೆ ಅದೇ ಗೋಧಡಿ. ಅಫಜಲಪುರ, ಜೇವರಗಿಗಳ ಕಡೆಯ ಮನೆಗಳಿಗೂ ಅದು ಹೊಸದಲ್ಲ. ಕೌದಿ ಎಲ್ಲಾದರೂ ಸವೆದು ಹರಿದರೆ ಅದನ್ನು ಬಿಚ್ಚಿ ಹೊಸದಾಗಿ ಹೊಲಿಯಲು ಯಾರೂ ಕೂರುವುದಿಲ್ಲ. ಹರಿದ ಜಾಗದ ಮೇಲೆ ಮತ್ತೊಂದು ತುಂಡು ಇಟ್ಟು ಹೊಲಿಯುತ್ತಾರೆ. ಈ ತುಂಡಿಗೆ ತೇಪೆ ಎಂದು ಹೆಸರು, ಆಡುಮಾತಿನಲ್ಲಿ ತ್ಯಾಪಿ. ಕೆಳಗಿನ ಬಟ್ಟೆ ಹಾಗೆಯೇ ಉಳಿದಿರುತ್ತದೆ. ಹೊಲಿಗೆ ಬಿಚ್ಚಿದರೆ ಅಜ್ಜಿಯ ಕಾಲದ ಸೀರೆ ಮತ್ತೆ ಕಣ್ಣಿಗೆ ಬೀಳುತ್ತದೆ.

ಗಣಕಯಂತ್ರದ ತಂತ್ರಾಂಶಗಳನ್ನು ದುರಸ್ತಿ ಮಾಡುವವರು ಬಳಸುವ ಉಪಕರಣವೊಂದಕ್ಕೆ ‘ಕ್ವಿಲ್ಟ್’ ಎಂದು ಹೆಸರಿದೆ. ಆ ಇಂಗ್ಲಿಷ್ ಮಾತಿಗೆ ನಮ್ಮಲ್ಲಿ ಕೌದಿ ಎಂದೇ ಅರ್ಥ ಹೇಳಬೇಕು. ಅದು ಜೋಡಿಸಿಡುವ ತುಂಡುಗಳಿಗೆ ‘ಪ್ಯಾಚ್’ ಎನ್ನುತ್ತಾರೆ, ಅಂದರೆ ತೇಪೆ. ಈ ಹೆಸರುಗಳನ್ನು ಯಾರೋ ತಮಾಷೆಗೆ ಇಟ್ಟಿದ್ದಲ್ಲ. ಇನ್ನೊಬ್ಬರು ಬರೆದದ್ದನ್ನು ಕೆಡಿಸದೆ ತಿದ್ದುವುದು ಹೇಗೆ ಎಂಬ ಪ್ರಶ್ನೆಗೆ ಗಣಕ ಪ್ರಪಂಚ ಹಲವು ದಶಕ ತಡಕಾಡಿ ಕಂಡುಕೊಂಡ ಉತ್ತರ ಕೌದಿಯ ಉತ್ತರವೇ ಆಗಿತ್ತು.

ಮೊದಲ ತೇಪೆಗಳು ನಿಜವಾಗಿಯೂ ತೇಪೆಗಳೇ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1944ರಲ್ಲಿ ಕೆಲಸ ಆರಂಭಿಸಿದ ‘ಮಾರ್ಕ್ ಒಂದು’ ಎಂಬ ಬೃಹತ್ ಯಂತ್ರಕ್ಕೆ ಆಜ್ಞೆಗಳನ್ನು ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಕೊಡಬೇಕಾಗಿತ್ತು. ತೂತು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ತಪ್ಪಾಗಿ ಕೊರೆದ ತೂತನ್ನು ಮುಚ್ಚಲು ಅದರ ಮೇಲೆ ಕಾಗದದ ಸಣ್ಣ ತುಂಡು ಅಂಟಿಸುತ್ತಿದ್ದರು. ಉಳಿದುಬಂದಿರುವ ಪಟ್ಟಿಯ ಚಿತ್ರದಲ್ಲಿ ಈ ತೇಪೆಗಳು ಸ್ಪಷ್ಟವಾಗಿ ಕಾಣುತ್ತವೆ. ಕಾಗದದ ಪಟ್ಟಿಗಳು ಹೋದವು, ಮಾತು ಉಳಿಯಿತು.

ಮುಂದಿನ ಕಥೆ ತಿಳಿಯಬೇಕಾದರೆ ತಂತ್ರಾಂಶಕ್ಕೆ ಎರಡು ರೂಪಗಳಿವೆಯೆಂಬುದು ಗೊತ್ತಿರಬೇಕು. ಮನುಷ್ಯರು ಓದಿ ಬರೆಯಬಲ್ಲ ಸಾಲುಗಳ ರೂಪ ಒಂದು. ಇದಕ್ಕೆ ಮೂಲ ಎನ್ನೋಣ. ಅದನ್ನು ಯಂತ್ರದ ಭಾಷೆಗೆ ಇಳಿಸಿದ ರೂಪ ಇನ್ನೊಂದು. ಅಂಗಡಿಯಲ್ಲಿ ಕೊಳ್ಳುವ ತಂತ್ರಾಂಶ ಸಾಮಾನ್ಯವಾಗಿ ಎರಡನೆಯ ರೂಪದ್ದು. ಆದರೆ ವಿಶ್ವವಿದ್ಯಾಲಯಗಳಲ್ಲಿ, ಪ್ರಯೋಗಾಲಯಗಳಲ್ಲಿ, ಆಮೇಲೆ ಮುಕ್ತ ತಂತ್ರಾಂಶದ ಬಳಗಗಳಲ್ಲಿ ಮೂಲವನ್ನೇ ಒಬ್ಬರಿಂದೊಬ್ಬರಿಗೆ ಹಂಚುವ ರೂಢಿ ಬೆಳೆಯಿತು. ಹಂಚಿದ ಮೇಲೆ ತಿದ್ದುಪಡಿ ಬಂದೇ ಬರುತ್ತದೆ. ಹತ್ತು ಸಾವಿರ ಸಾಲುಗಳಲ್ಲಿ ನಾಲ್ಕು ಸಾಲು ತಿದ್ದಿದವನು ಹತ್ತು ಸಾವಿರವನ್ನೂ ಮತ್ತೆ ಕಳಿಸಬೇಕೆ? ಕಳಿಸಿದರೂ, ತಿದ್ದಿದ ನಾಲ್ಕು ಸಾಲು ಯಾವುವೆಂದು ಪಡೆದವನಿಗೆ ತಿಳಿಯುವುದಾದರೂ ಹೇಗೆ?

ಈ ತೊಂದರೆ ಕನ್ನಡದ ವಿದ್ವಾಂಸರಿಗೆ ಬಹಳ ಹಳೆಯದು. ಕಲ್ಯಾಣದ ಶರಣರ ಸಂವಾದವನ್ನು ಹೆಣೆದ ‘ಶೂನ್ಯಸಂಪಾದನೆ’ಯನ್ನೇ ನೋಡಬಹುದು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಹೀಗೆ ನಾಲ್ಕು ಶೂನ್ಯಸಂಪಾದನೆಗಳಾದವು. ಆದರೆ ಎಲ್ಲೆಲ್ಲಿ ಏನು ಸೇರಿತು, ಏನು ಬಿಟ್ಟುಹೋಯಿತು ಎಂಬ ಸಾಲುಸಾಲಿನ ಪಟ್ಟಿಯನ್ನು ಯಾರೂ ಬಿಟ್ಟುಹೋಗಲಿಲ್ಲ. ನಾಲ್ಕನ್ನೂ ಮಗ್ಗುಲಲ್ಲಿಟ್ಟುಕೊಂಡು ಬೆರಳಿಟ್ಟು ಹೋಲಿಸಿ, ವ್ಯತ್ಯಾಸಗಳನ್ನು ಅಡಿಟಿಪ್ಪಣಿಗೆ ಇಳಿಸುವ ಕೆಲಸ ಇಪ್ಪತ್ತನೆಯ ಶತಮಾನದ ಸಂಪಾದಕರ ಪಾಲಿಗೆ ಬಂತು. ಗ್ರಂಥಸಂಪಾದನೆ ಎಂಬ ಶಾಸ್ತ್ರದ ಅರ್ಧ ಶ್ರಮ ಇದೇ.

ಇಂಥ ಹೋಲಿಕೆಯನ್ನು ಯಂತ್ರವೇ ಮಾಡುವಂತೆ ಮಾಡಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕ್‌ಇಲ್‌ರಾಯ್. ಅವರ ‘ಡಿಫ್’ ಎಂಬ ಉಪಕರಣ 1974ರಲ್ಲಿ ಯೂನಿಕ್ಸ್ ವ್ಯವಸ್ಥೆಯ ಐದನೆಯ ಆವೃತ್ತಿಯೊಡನೆ ಹೊರಬಂತು. ಅದರ ಹಿಂದಿನ ಗಣಿತವನ್ನು ಅವರು ಜೇಮ್ಸ್ ಹಂಟ್ ಜೊತೆ 1976ರಲ್ಲಿ ಪ್ರಕಟಿಸಿದರು. ಎರಡು ಕಡತಗಳನ್ನು ಕೊಟ್ಟರೆ ಡಿಫ್ ಎರಡರಲ್ಲೂ ಅದೇ ಕ್ರಮದಲ್ಲಿ ಬರುವ ಸಾಲುಗಳ ಅತಿ ಉದ್ದನೆಯ ಸರಣಿಯನ್ನು ಹುಡುಕುತ್ತದೆ. ಆ ಸರಣಿಗೆ ಸೇರದೆ ಉಳಿದದ್ದೇ ವ್ಯತ್ಯಾಸ. ಹೇಳುವುದು ಸುಲಭ. ಸಾವಿರಾರು ಸಾಲುಗಳಲ್ಲಿ ಅದನ್ನು ಬೇಗ ಹುಡುಕುವುದರಲ್ಲಿತ್ತು ಜಾಣತನ.

ವ್ಯತ್ಯಾಸದ ಪಟ್ಟಿ ಸಿಕ್ಕಿತು, ಆದರೆ ಅದನ್ನು ಇನ್ನೊಬ್ಬರ ಪ್ರತಿಗೆ ಹಚ್ಚುವುದು ಇನ್ನೂ ಕಷ್ಟವಾಗಿಯೇ ಇತ್ತು. ಆಗಿನ ಪಟ್ಟಿಗಳು ‘ನೂರಿಪ್ಪತ್ತನೆಯ ಸಾಲು ತೆಗೆ, ಅಲ್ಲಿ ಇದನ್ನು ಹಾಕು’ ಎಂದು ಬರೀ ಸಂಖ್ಯೆ ಹಿಡಿದು ಹೇಳುತ್ತಿದ್ದವು. ಪಡೆದವನು ತನ್ನ ಅನುಕೂಲಕ್ಕೆಂದು ಮೇಲೆಲ್ಲೋ ಒಂದೇ ಸಾಲು ಸೇರಿಸಿಕೊಂಡಿದ್ದರೂ ಲೆಕ್ಕ ತಪ್ಪಿ, ಒಳ್ಳೆಯ ಸಾಲು ಹಾರಿ, ಕೆಟ್ಟದ್ದು ಹಾಗೇ ಉಳಿಯುತ್ತಿತ್ತು.

ಇದಕ್ಕೆ ಪರಿಹಾರ ಕೊಟ್ಟವರು ಲ್ಯಾರಿ ವಾಲ್. ಮುಂದೆ 1987ರಲ್ಲಿ ‘ಪರ್ಲ್’ ಭಾಷೆಯನ್ನು ಸೃಷ್ಟಿಸಿ ಹೆಸರಾದವರು ಇವರೇ. ಇವರು ಓದಿದ್ದು ಭಾಷಾಶಾಸ್ತ್ರ. ಲಿಪಿಯಿಲ್ಲದ ಭಾಷೆಯೊಂದನ್ನು ಹುಡುಕಿಕೊಂಡು ಹೋಗಿ ಅದಕ್ಕೆ ಬರವಣಿಗೆ ಕಟ್ಟಿಕೊಡಬೇಕೆಂಬುದು ಅವರ ತಾರುಣ್ಯದ ಉದ್ದೇಶವಾಗಿತ್ತು. ಅದು ಕೈಗೂಡಲಿಲ್ಲ, ಗಣಕದತ್ತ ಹೊರಳಿದರು. 1985ರ ಮೇ ತಿಂಗಳಿನಲ್ಲಿ ಅವರು ‘ಪ್ಯಾಚ್’ ಎಂಬ ಉಪಕರಣವನ್ನು ಎಲ್ಲರಿಗೂ ಬಿಡುಗಡೆ ಮಾಡಿದರು. ಭಾಷೆ ಬಲ್ಲವನ ಕೈ ಅದರಲ್ಲಿ ಎದ್ದು ಕಾಣುತ್ತದೆ. ಸಾಲಿನ ಸಂಖ್ಯೆಯನ್ನು ಅದು ಒಂದು ಸುಳಿವು ಎಂದಷ್ಟೇ ತೆಗೆದುಕೊಳ್ಳುತ್ತದೆ, ನಂಬುವುದು ಸಂದರ್ಭವನ್ನು.

ಒಂದು ಉದಾಹರಣೆ. ಕಡತವೊಂದರಲ್ಲಿ ‘ಆಳಂದ’, ‘ಅಫಜಲಪುರ’, ‘ಜೇವರ್ಗಿ’ ಎಂಬ ಮೂರು ಸಾಲುಗಳಿವೆ ಎನ್ನೋಣ. ಕೊನೆಯದನ್ನು ‘ಜೇವರಗಿ’ ಎಂದು ತಿದ್ದಬೇಕಾಗಿದೆ. ತೇಪೆಯ ಕಡತದಲ್ಲಿ ಮೊದಲೆರಡು ಸಾಲುಗಳು ಇದ್ದಂತೆಯೇ ಇರುತ್ತವೆ. ಅವುಗಳ ಕೆಳಗೆ ಕಳೆಯುವ ಚಿಹ್ನೆಯೊಡನೆ ‘ಜೇವರ್ಗಿ’, ಕೂಡುವ ಚಿಹ್ನೆಯೊಡನೆ ‘ಜೇವರಗಿ’. ಸಾಮಾನ್ಯವಾಗಿ ತಿದ್ದುಪಡಿಯ ಹಿಂದೆ ಮೂರು, ಮುಂದೆ ಮೂರು ಸಾಲುಗಳನ್ನು ಹೀಗೆ ಸಂದರ್ಭವಾಗಿ ಇಡುವ ರೂಢಿ. ಪಡೆದವನ ಪಟ್ಟಿಯಲ್ಲಿ ಈ ಹೆಸರುಗಳು ಐವತ್ತು ಸಾಲು ಕೆಳಗೆ ಸರಿದಿದ್ದರೂ ಪ್ಯಾಚ್ ನೆರೆಹೊರೆಯನ್ನು ಗುರುತಿಸಿ ಜಾಗ ಹಿಡಿಯುತ್ತದೆ. ನೆರೆಹೊರೆಯಲ್ಲಿ ಅಲ್ಪಸ್ವಲ್ಪ ಬದಲಾಗಿದ್ದರೂ ಸಹಿಸಿಕೊಳ್ಳುತ್ತದೆ. ತೀರ ಹೊಂದದಿದ್ದರೆ ಬಲವಂತ ಮಾಡುವುದಿಲ್ಲ. ಹಚ್ಚಲಾಗದ ತುಂಡನ್ನು ‘ತಿರಸ್ಕೃತ’ ಎಂದು ಬೇರೆ ಕಡತದಲ್ಲಿಟ್ಟು, ಮೂಲದ ಒಂದು ಪ್ರತಿಯನ್ನೂ ಪಕ್ಕಕ್ಕೆ ತೆಗೆದಿರಿಸಿ, ಮನುಷ್ಯನಿಗೆ ಒಪ್ಪಿಸುತ್ತದೆ. ಇನ್ನೊಂದು ಸೊಗಸೂ ಇದೆ. ತೇಪೆ ಪತ್ರದ ನಡುವೆ ಬಂದಿದ್ದರೆ ಇಡೀ ಪತ್ರವನ್ನೇ ಪ್ಯಾಚ್‌ಗೆ ತಿನ್ನಿಸಬಹುದು. ಮೇಲಿನ ಕುಶಲ ಸಮಾಚಾರ, ಕೆಳಗಿನ ವಂದನೆಗಳನ್ನು ಅದು ತಾನೇ ದಾಟಿಕೊಂಡು ಹೋಗುತ್ತದೆ. ಕಳೆಯುವ, ಕೂಡುವ ಚಿಹ್ನೆಗಳನ್ನು ಒಂದೇ ಕಡೆ ಒತ್ತೊತ್ತಾಗಿ ಬರೆಯುವ ಈಗಿನ ಚೊಕ್ಕ ಮಾದರಿ ಬಂದದ್ದು ಐದು ವರ್ಷ ತಡವಾಗಿ, 1990ರಲ್ಲಿ. ಅದು ವೇಯ್ನ್ ಡೇವಿಸನ್ ಅವರ ಕಾಣಿಕೆ.

ಹಚ್ಚುವ ಕೆಲಸಕ್ಕೆ ಚಿತ್ರ, ಗುಂಡಿ, ಕಿಟಕಿ ಯಾವುದೂ ಬೇಡ. ಕಪ್ಪು ಪರದೆಯ ಮೇಲೆ ಮೂರು ಆಜ್ಞೆ ಬರೆದರೆ ಸಾಕು. ‘ಟಾರ್’ ಎಂಬ ಆಜ್ಞೆಯಿಂದ ಮೂಲದ ಗಂಟು ಬಿಚ್ಚುವುದು, ಆ ಕಡತಕೋಶದೊಳಗೆ ಹೋಗುವುದು, ಪ್ಯಾಚ್‌ಗೆ ತೇಪೆಯ ಕಡತ ಉಣಿಸುವುದು. ಹೊಸಬರು ಎಡವುವುದು ಮೂರನೆಯದರಲ್ಲಿ, ಅದೂ ‘ಪಿ-ಒಂದು’ ಎಂಬ ಪುಟ್ಟ ಬಾಲದಲ್ಲಿ. ಇದು ವಿಳಾಸದ ಪ್ರಶ್ನೆ. ತೇಪೆಯಲ್ಲಿ ‘ಕಲಬುರಗಿ/ಆಳಂದ/ಖಜೂರಿ’ ಎಂದು ವಿಳಾಸವಿದೆ ಎನ್ನೋಣ. ಹಚ್ಚುವವನು ಆಗಲೇ ಕಲಬುರಗಿಯೊಳಗೆ ನಿಂತಿದ್ದಾನೆ. ಅವನಿಗೆ ಮುಂದಿನ ಹೆಸರು ಆಳಂದ. ಒಳಗೆ ನಿಂತುಕೊಂಡು ಮತ್ತೆ ಕಲಬುರಗಿಯನ್ನು ಹುಡುಕಿದರೆ ಸಿಕ್ಕೀತೆ? ‘ಪಿ-ಒಂದು’ ಎಂದರೆ ವಿಳಾಸದ ಮೊದಲ ಹೆಸರೊಂದನ್ನು ಕಳಚು ಎಂದು ಅರ್ಥ; ‘ಪಿ-ಎರಡು’ ಎಂದರೆ ಎರಡನ್ನು. ಅನುಭವಸ್ಥರು ನಿಜವಾಗಿ ಹಚ್ಚುವ ಮೊದಲು ಒಣ ತಾಲೀಮು ಮಾಡಿಸುತ್ತಾರೆ. ಆಗ ಪ್ಯಾಚ್ ಏನನ್ನೂ ಮುಟ್ಟದೆ, ಹೊಂದುತ್ತದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಹಚ್ಚಿದ್ದನ್ನು ಬಿಚ್ಚಲೂ ಆಜ್ಞೆಯಿದೆ. ಹಚ್ಚಿದ ತೇಪೆಯನ್ನೇ ಮರೆತು ಮತ್ತೆ ಹಚ್ಚಲು ಹೋದರೆ, ‘ಇದು ಮೊದಲೇ ಹಚ್ಚಿದಂತಿದೆ, ಬಿಚ್ಚಲೆ?’ ಎಂದು ಅದೇ ಕೇಳುತ್ತದೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಬೆಳೆದದ್ದು ಈ ತೇಪೆಗಳಿಂದ. ಎಂದೂ ಮುಖ ನೋಡದ ಜನ ದೂರದೂರದ ದೇಶಗಳಿಂದ ಹತ್ತಿಪ್ಪತ್ತು ಸಾಲುಗಳ ತೇಪೆ ಕಳಿಸುತ್ತಿದ್ದರು. ಅವರು ಓದಿ, ಒಪ್ಪಿಗೆಯಾದರೆ ಹಚ್ಚುತ್ತಿದ್ದರು. ಆದರೆ ಲಿನಕ್ಸ್ ಒಂದೇ ಅಲ್ಲ. ಸಾವಿರಾರು ತಂತ್ರಾಂಶಗಳನ್ನು ಒಟ್ಟುಗೂಡಿಸಿ ಜನರಿಗೆ ತಲುಪಿಸುವ ಡೆಬಿಯನ್ (1993), ರೆಡ್ ಹ್ಯಾಟ್‌ನಂಥ ವಿತರಕರು ಹುಟ್ಟಿಕೊಂಡಾಗ ಹೊಸ ಪ್ರಶ್ನೆ ಎದ್ದಿತು. ಮೂಲಕರ್ತ ಒಬ್ಬ, ಊರಿನ ಅಗತ್ಯಕ್ಕೆ ತಕ್ಕಂತೆ ಬದಲಾಯಿಸುವ ವಿತರಕ ಇನ್ನೊಬ್ಬ. ಯಾವ ಸಾಲಿಗೆ ಯಾರು ಹೊಣೆ?

ಉತ್ತರ ಸರಳವಾಗಿತ್ತು: ಮೂಲವನ್ನು ಮುಟ್ಟಬೇಡ. ಮೂಲಕರ್ತ ಕೊಟ್ಟ ಗಂಟನ್ನು ಕಟ್ಟಿದಂತೆಯೇ ಇಡು. ನಿನ್ನ ತೇಪೆಗಳನ್ನು ಪಕ್ಕದಲ್ಲಿ ಬೇರೆಯಾಗಿ ಇಡು. ಬಳಸುವ ಹೊತ್ತಿಗೆ ಯಂತ್ರ ಹಚ್ಚಿಕೊಳ್ಳಲಿ. ರೆಡ್ ಹ್ಯಾಟ್ 1995ರಲ್ಲಿ ತಂದ ‘ಆರ್‌ಪಿಎಂ’ ವ್ಯವಸ್ಥೆಯ ತಳಹದಿ ಇದೇ. ಡೆಬಿಯನ್ನಿನಲ್ಲಿ ಹಿಂದೆ ವಿತರಕನ ಎಲ್ಲ ಬದಲಾವಣೆಗಳೂ ಒಂದೇ ಕಡತದಲ್ಲಿ ಕಲಸಿಹೋಗುತ್ತಿದ್ದವು. ಆಮೇಲೆ ಬಂದ ಹೊಸ ಮಾದರಿಯ ಹೆಸರಿನಲ್ಲೇ ಕ್ವಿಲ್ಟ್ ಇದೆ. ಲಿನಕ್ಸ್ ತಿರುಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬರಾದ ಆಂಡ್ರೂ ಮಾರ್ಟನ್ ತಮ್ಮ ಕೈಯಡಿಯ ನೂರಾರು ತೇಪೆಗಳನ್ನು ಸಂಭಾಳಿಸಲು ಬರೆದುಕೊಂಡಿದ್ದ ಸಣ್ಣ ಆಜ್ಞಾಮಾಲೆಗಳನ್ನು ಆಂದ್ರೆಯಾಸ್ ಗ್ರೂನ್‌ಬಾಖರ್ ಬೆಳೆಸಿ ಮಾಡಿದ ಉಪಕರಣ ಅದು.

ಕ್ವಿಲ್ಟ್‌ನಲ್ಲಿ ತೇಪೆಗಳಿಗೆ ಕ್ರಮವಿದೆ. ‘ಸೀರೀಸ್’ ಎಂಬ ಪುಟ್ಟ ಪಟ್ಟಿಯಲ್ಲಿ ಒಂದರ ಕೆಳಗೊಂದು ಹೆಸರು. ಆ ಸರದಿಯಲ್ಲೇ ಹಚ್ಚಬೇಕು, ಮೇಲಿನದನ್ನು ಮೊದಲು ಬಿಚ್ಚಬೇಕು. ಎರಡನೆಯ ಪದರದಲ್ಲಿ ಕೈಯಾಡಿಸಬೇಕಾದರೆ ಐದು, ನಾಲ್ಕು, ಮೂರು ಎಂದು ಮೇಲಿನಿಂದ ಕಳಚುತ್ತ ಬಂದು, ಎರಡನೆಯದನ್ನು ತಿದ್ದಿ, ಮತ್ತೆ ಮೂರು, ನಾಲ್ಕು, ಐದನ್ನು ಹೊದಿಸಬೇಕು. ಕೌದಿ ಹೊಲಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಜೊತೆಗೆ ಪ್ರತಿ ತೇಪೆಯ ತಲೆಯ ಮೇಲೆ ಇದು ಏಕೆ, ಯಾರದು, ಮೂಲಕರ್ತನಿಗೆ ತಿಳಿಸಲಾಗಿದೆಯೇ ಎಂದು ಬರೆಯುವ ಪದ್ಧತಿಯೂ ಬಂತು.

ಈ ಶಿಸ್ತನ್ನು ಗುಮಾಸ್ತರ ಅತಿ ಎಚ್ಚರವೆಂದು ನಗುವವರು 2008ರ ಘಟನೆಯೊಂದನ್ನು ನೆನಪಿಡಬೇಕು. ಅಂತರಜಾಲದ ಗುಪ್ತ ಸಂವಹನಕ್ಕೆ ಬಳಕೆಯಾಗುವ ‘ಓಪನ್ ಎಸ್‌ಎಸ್‌ಎಲ್’ ಎಂಬ ತಂತ್ರಾಂಶವನ್ನು ಡೆಬಿಯನ್ನಿಗೆ ಹೊಂದಿಸುವಾಗ, ದೋಷ ಹುಡುಕುವ ಉಪಕರಣವೊಂದು ಎರಡು ಸಾಲುಗಳತ್ತ ಬೆರಳು ಮಾಡಿ ಗೊಣಗುತ್ತಿತ್ತು. ಹೊಣೆ ಹೊತ್ತವರು ಮೂಲದ ಬಳಗದವರನ್ನು ವಿಚಾರಿಸಿದರು. ಪ್ರಶ್ನೆಯ ತೂಕ ಎರಡೂ ಕಡೆ ಅರಿವಾಗಲಿಲ್ಲ. 2006ರಲ್ಲಿ ಆ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಲಾಯಿತು, ಗೊಣಗಾಟ ನಿಂತಿತು. ಆದರೆ ಅವುಗಳಲ್ಲೊಂದು ಗುಪ್ತ ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆಯನ್ನು ತುಂಬುವ ಸಾಲಾಗಿತ್ತು. ಅದು ಹೋದ ಮೇಲೆ ಉಳಿದದ್ದು ಯಂತ್ರ ತನ್ನ ಪ್ರತಿ ಕೆಲಸಕ್ಕೂ ಕೊಡುವ ಕ್ರಮಸಂಖ್ಯೆ ಮಾತ್ರ. ಅದರ ಮಿತಿ 32,768. ಲೆಕ್ಕಕ್ಕೆ ಸಿಗಬಾರದಷ್ಟು ಬಗೆಯ ಕೀಲಿಗಳಿರಬೇಕಾದಲ್ಲಿ ಒಂದೊಂದು ಜಾತಿಗೂ ಅಷ್ಟೇ ಕೀಲಿಗಳು. ಅಷ್ಟನ್ನೂ ಒಂದೊಂದಾಗಿ ತಿರುಗಿಸಿ ನೋಡಲು ಕಳ್ಳನಿಗೆ ಹೆಚ್ಚು ಹೊತ್ತು ಬೇಡ. 2008ರ ಮೇ 13ರಂದು ವಿಷಯ ಬಹಿರಂಗವಾದಾಗ ಸುಮಾರು ಇಪ್ಪತ್ತು ತಿಂಗಳಲ್ಲಿ ಅಂಥ ಯಂತ್ರಗಳಲ್ಲಿ ತಯಾರಾದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು. ತೇಪೆ ಹಚ್ಚುವುದು ಸುಲಭ. ಹಚ್ಚಿದ್ದು ನಾಲ್ಕು ಜನರ ಕಣ್ಣಿಗೆ ಬೀಳುವಂತಿರಬೇಕು. ಒಂದೇ ಗಂಟಿನಲ್ಲಿ ಕಲಸಿದ ಬದಲಾವಣೆ ಎಷ್ಟು ಸಣ್ಣದಿದ್ದರೂ ಎರಡು ವರ್ಷ ಮರೆಯಲ್ಲಿರಬಲ್ಲದು.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ? ಬಹಳ ಇದೆ. ಖಜೂರಿ, ಆಳಂದ, ಅಫಜಲಪುರ, ಜೇವರಗಿ ಈ ನಾಲ್ಕು ಹೆಸರುಗಳಲ್ಲಿ, ಅದೃಷ್ಟವಶಾತ್, ಒತ್ತಕ್ಷರವೇ ಇಲ್ಲ. ಉಳಿದ ಕನ್ನಡ ಅಷ್ಟು ಪುಣ್ಯ ಮಾಡಿಲ್ಲ. ‘ಸೂರ್ಯ’ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗಿ ಬಲಕ್ಕೆ ಹೋಗುತ್ತದೆ. ಆದರೆ ಪರೀಕ್ಷೆಯ ಫಲಿತಾಂಶದ ದಿನ ಪತ್ರಿಕೆಗಳಲ್ಲಿ ಮೆರೆಯುವ ‘ರ‍್ಯಾಂಕ್’ ಎಂಬ ಪದದಲ್ಲಿ ರಕಾರ ತನ್ನ ಪೂರ್ಣರೂಪದಲ್ಲೇ ನಿಂತು ಯಕಾರ ಒತ್ತಾಗಬೇಕು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಎರಡಕ್ಕೂ ಅಕ್ಷರಗಳು ಅವೇ: ರ, ಹಲಂತ ಚಿಹ್ನೆ, ಯ. ವ್ಯತ್ಯಾಸ ತೋರಿಸಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡುಚಿಹ್ನೆಯನ್ನು ಇಡಬೇಕು. ಅದನ್ನು ಹಲಂತಕ್ಕೆ ಮೊದಲು ಇಡಬೇಕೆಂಬುದು ನಿಯಮ. ಆದರೆ ಹಲಂತದ ನಂತರ ಇಟ್ಟು ಬರೆದ ಹಳೆಯ ರೂಢಿಯ ಬರವಣಿಗೆಯೂ ಉಳಿದುಕೊಂಡಿತ್ತು. ಒಂದು ಕ್ರಮ ಸರಿಯಾಗಿ ಕಂಡರೆ ಇನ್ನೊಂದು ಕೆಡುತ್ತಿತ್ತು.

ಅಂಥ ಬರವಣಿಗೆಯನ್ನೆಲ್ಲ ಹುಡುಕಿ ತಿದ್ದುವುದು ಆಗದ ಮಾತು. ತಿದ್ದಿದ್ದು ಬೇರೆಡೆ. ಅಕ್ಷರಗಳನ್ನು ಪರದೆಯ ಮೇಲೆ ಜೋಡಿಸಿ ಕೂರಿಸುವ ಕೆಲಸಕ್ಕೆ ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶವಿದೆ. ಆಂಡ್ರಾಯ್ಡ್ ಫೋನುಗಳಲ್ಲಿ, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್‌ಗಳಲ್ಲಿ ದುಡಿಯುವುದು ಅದೇ. ಕಲಬುರಗಿಯ ಕಡೆಯವರಿಗೆ ಈ ಹೆಸರು ಅಪರಿಚಿತವೆನಿಸದು: ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ಪಾರ್ಸಿಯಲ್ಲಿ ತೆರೆದದ್ದು. ಅದರ ಮೂಲದಲ್ಲಿ ಭಾರತೀಯ ಲಿಪಿಗಳ ಭಾಗಕ್ಕೆ ಕನ್ನಡಕ್ಕೆಂದೇ ಕೆಲವು ಸಾಲುಗಳ ತಿದ್ದುಪಡಿಯೊಂದು ಸೇರಿತು. ಲಿಪಿ ಕನ್ನಡವಾಗಿದ್ದು, ರಕಾರ, ಹಲಂತ, ಜೋಡುಚಿಹ್ನೆ ಈ ಕ್ರಮದಲ್ಲಿ ಬಂದರೆ ಕೊನೆಯ ಎರಡನ್ನು ಅದಲುಬದಲು ಮಾಡಿ ತೋರಿಸು, ಇಷ್ಟೇ ಅದರ ತಾತ್ಪರ್ಯ. ಬರೆದದ್ದು ಬರೆದಂತೆಯೇ ಇರುತ್ತದೆ, ಓದುವಾಗ ಮಾತ್ರ ಸರಿಯಾಗಿ ಕಾಣುತ್ತದೆ. ಮೂಲ ಮುಚ್ಚಿಟ್ಟ ತಂತ್ರಾಂಶದಲ್ಲಿ ಇಂಥ ದೋಷ ಕಂಡರೆ ದೂರು ಬರೆದು ಕಾಯುವುದಷ್ಟೇ ದಾರಿ. ಮಾರುಕಟ್ಟೆ ಸಣ್ಣದಾದ ಭಾಷೆಯ ಸರದಿ ಬೇಗ ಬರುವುದಿಲ್ಲ. ಮೂಲ ತೆರೆದಿದ್ದರೆ ದೋಷ ಕಂಡವನೇ ಹತ್ತು ಸಾಲಿನ ತೇಪೆ ಹೊಲಿದು ಕೊಡಬಹುದು.

ಮೂಲವನ್ನು ಮುಟ್ಟಬಾರದೆಂಬ ನಿಯಮ ಎಷ್ಟು ದೂರ ಹೋಗುತ್ತದೆಂಬುದಕ್ಕೂ ಕನ್ನಡದಲ್ಲೇ ಸಾಕ್ಷಿಯಿದೆ. ಹಳಗನ್ನಡದ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಅಧಿಕೃತವಾಗಿ ಬಿದ್ದ ಹೆಸರು ‘ಕನ್ನಡ ಅಕ್ಷರ ಫ’; ಇಂಗ್ಲಿಷಿನ ಎಫ್ ಸದ್ದಿನ ಫ. ಹಳಗನ್ನಡ ಓದಿದ ಯಾರಿಗಾದರೂ ನಗು ಬರುವ ತಪ್ಪು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಾಯಿಸುವುದಿಲ್ಲವೆಂದು ಯೂನಿಕೋಡ್ ಮಾತು ಕೊಟ್ಟಿದೆ. ಆ ಹೆಸರನ್ನು ನಂಬಿ ಬರೆದ ತಂತ್ರಾಂಶಗಳು ಮುರಿದುಬೀಳಬಾರದಲ್ಲ. ಆದ್ದರಿಂದ ತಪ್ಪು ಹೆಸರು ಪಟ್ಟಿಯಲ್ಲಿ ಇಂದಿಗೂ ಹಾಗೆಯೇ ಇದೆ. ಪಕ್ಕದ ಇನ್ನೊಂದು ಕಡತದಲ್ಲಿ ‘ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಹೆಸರು ಬರೆದು, ಅದರ ಮುಂದೆ ‘ತಿದ್ದುಪಡಿ’ ಎಂಬ ಒಂದು ಪದವನ್ನು ಸೇರಿಸಿದ್ದಾರೆ.